ಆಳಂದಿಯಿಂದ ಪಂಢರಪುರಕ್ಕೆ ಕೂಸಿನ ಗಾಡಿ: ಅಚ್ಚು ಬದಲಿಸಿ ಕಟ್ಟಿದ ಬಗೆ

ಪೇಟೆಯಲ್ಲಿ ಸಿಗುವ ಸಾಮಾನ್ಯ ಸ್ಟ್ರಾಲರ್‌ನ ಗಾಲಿ 15 ಸೆಂ.ಮೀ. ಇರುತ್ತದೆ. ಒಂದು ಸುತ್ತಿಗೆ ಅದು ಸಾಗುವುದು 47 ಸೆಂ.ಮೀ. ಮಾತ್ರ. ಆಳಂದಿಯಿಂದ ಪಂಢರಪುರದವರೆಗೆ ವಾರಿಯ, ಅಂದರೆ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯ ಜೊತೆ ನಡೆದು ಹೋಗುವ ಆಷಾಢದ ಯಾತ್ರೆಯ, ದಾರಿ ಸುಮಾರು 250 ಕಿ.ಮೀ. ಪ್ರತಿ ಗಾಲಿಯೂ ಐದು ಲಕ್ಷಕ್ಕಿಂತ ಹೆಚ್ಚು ಸಲ ತಿರುಗಬೇಕು. ಅದೂ ಬೇರಿಂಗ್ ಇಲ್ಲದೆ, ತೆಳ್ಳನೆಯ ಸರಳಿನ ಮೇಲೆ, ಬರೀ ಪ್ಲಾಸ್ಟಿಕ್ ತೂತಿನಲ್ಲಿ. ಮಾಲ್‌ನ ನುಣುಪು ನೆಲಕ್ಕೆ ಅಷ್ಟು ಸಾಕು. ವಾರಿಯಲ್ಲಿ ಆ ತೂತಿಗೆ ದೂಳು ಮತ್ತು ಮಳೆನೀರು ಸೇರಿ ಅರೆಯುವ ಹಿಟ್ಟಾಗುತ್ತದೆ, ತೂತು ಅಗಲವಾಗುತ್ತದೆ, ಗಾಲಿ ಓಲಾಡುತ್ತದೆ, ಕೊನೆಗೆ ಸರಳು ಬಾಗುತ್ತದೆ. ಚಕ್ಕಡಿ ನೋಡಿ ಬೆಳೆದವರಿಗೆ ಇದು ಗೊತ್ತಿರುವ ಮಾತು: ಗಾಡಿ ಮೊದಲು ಕೆಡುವುದು ಅಚ್ಚಿನಲ್ಲಿ, ಗಾಲಿ ಹೊತ್ತ ಸರಳಿನಲ್ಲಿ. ಆದ್ದರಿಂದ ಮೆತ್ತೆ, ನೆರಳು, ಚೀಲ ಎಲ್ಲವನ್ನೂ ಬದಿಗಿಟ್ಟು ಕೆಲಸ ಅಚ್ಚಿನಿಂದಲೇ ಶುರುವಾಗಬೇಕು.

ಇಲ್ಲಿರುವ ಅಳತೆಗಳು ಒಂದರಿಂದ ಮೂರು ವರ್ಷದ, 14 ಕೆ.ಜಿ. ಒಳಗಿನ ಕೂಸಿಗೆ. ಆಧಾರವಿಲ್ಲದೆ ಕೂರಲು ಬಾರದ ಎಳೆಗೂಸಿಗೆ ಈ ಗಾಡಿ ಅಲ್ಲ. ಕುತ್ತಿಗೆ ಇನ್ನೂ ಗಟ್ಟಿಯಾಗದ ಮಗುವನ್ನು ದಿನಕ್ಕೆ ಐದಾರು ಗಂಟೆ ಅದುರುವ ಗಾಡಿಯಲ್ಲಿ ಕೂರಿಸಬಾರದು. ಅಂಥ ಕೂಸಿದ್ದರೆ ವಾರಿಯನ್ನು ಎರಡು ವರ್ಷ ಮುಂದೂಡುವುದೇ ಸರಿ.

ಯಾವ ಗಾಡಿ ತರಬೇಕು

ಹೊಸದು ಬೇಡ. ಹಳೆಯ ಗಾಡಿ ತನ್ನಿ, ಆದರೆ ಕಬ್ಬಿಣದ ಪೈಪಿನದು. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಪೈಪಿಗೆ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಗಾಡಿ ಎರಡು ಕೆ.ಜಿ. ಹಗುರ ನಿಜ, ಆದರೆ ಅದನ್ನು ಬೆಸೆಯಲು ಆರ್ಗಾನ್ ವೆಲ್ಡಿಂಗ್ ಬೇಕು, ಬೆಸೆದ ಜಾಗ ಮೆತ್ತಗಾಗುತ್ತದೆ, ದಾರಿಯಲ್ಲಿ ಮುರಿದರೆ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಕಬ್ಬಿಣ ಮುರಿದರೆ ಟ್ರ್ಯಾಕ್ಟರ್ ರಿಪೇರಿ ಮಾಡುವವರೂ ಹತ್ತು ನಿಮಿಷದಲ್ಲಿ ಜೋಡಿಸಿ ಕೊಡುತ್ತಾರೆ.

ಪುಣೆಯಲ್ಲಿ ಬುಧವಾರ ಮತ್ತು ಭಾನುವಾರದ ಜುನಾ ಬಜಾರಿನಲ್ಲಿ ಇಂಥ ಗಾಡಿಗಾಗಿ ಹುಡುಕಬಹುದು. ಅಂಗಡಿಯವರಿಗೆ ಬಾಬಾಗಾಡಿ ಎಂದರೆ ಕೂಡಲೇ ತಿಳಿಯುತ್ತದೆ. ನೋಡಬೇಕಾದ್ದು ಮೂರೇ: ಪೈಪಿನ ಹೊರವ್ಯಾಸ 22 ಮಿ.ಮೀ.ಗೆ ಕಡಿಮೆ ಇರಬಾರದು, ಹಿಂಗಾಲುಗಳ ಕೆಳತುದಿಯಲ್ಲಿ ತುಕ್ಕು ತಿಂದಿರಬಾರದು, ಐದು ಪಟ್ಟಿಯ ಬೆಲ್ಟ್ ಇರಬೇಕು. ಐದು ಪಟ್ಟಿ ಎಂದರೆ ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ತೊಡೆಸಂದಿಗೆ. ಮೂರು ಪಟ್ಟಿಯದರಲ್ಲಿ ನಿದ್ದೆ ಹೋದ ಕೂಸು ಕೆಳಕ್ಕೆ ಜಾರುತ್ತದೆ. ಬಟ್ಟೆ ಹರಿದಿದ್ದರೂ, ಗಾಲಿಗಳೇ ಇಲ್ಲದಿದ್ದರೂ ಚಿಂತೆಯಿಲ್ಲ. ಅವನ್ನು ಹೇಗೂ ತೆಗೆದು ಹಾಕುವುದಿದೆ.

ಒಂದು ನಷ್ಟವನ್ನು ಮೊದಲೇ ಒಪ್ಪಿಕೊಳ್ಳಬೇಕು. ಈ ಬದಲಾವಣೆಯ ಬಳಿಕ ಗಾಡಿ ಮಡಚುವುದಿಲ್ಲ. ಮಡಚುವ ಕೀಲು ಉಳಿಸಿಕೊಂಡರೆ ಆ ಕೀಲೇ ದಾರಿಯಲ್ಲಿ ಸಡಿಲಾಗುತ್ತದೆ. ಕೀಲಿನ ಎರಡೂ ಕಡೆ 25 × 5 ಮಿ.ಮೀ. ಪಟ್ಟಿಯ ತುಂಡು ಇಟ್ಟು ಬೆಸೆದು ಅದನ್ನು ಕಾಯಂ ಮುಚ್ಚಿಬಿಡಿ. ಗಾಲಿಗಳು ಬಿಚ್ಚಿ ಬರುವುದರಿಂದ ಟೆಂಪೋದಲ್ಲಿ ಸಾಗಿಸಲು ತೊಂದರೆಯಿಲ್ಲ.

ಹಿಂದಿನ ಅಚ್ಚು

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮಕ್ಕಳ ಸೈಕಲ್ಲಿನ 12 ಇಂಚಿನ ಎರಡು ಗಾಲಿ ತಂದು, ಅವುಗಳ ಅಚ್ಚಿನ ಒಂದು ತುದಿಯನ್ನು ಗಾಡಿಯ ಕಾಲಿಗೆ ನಟ್ ಹಾಕಿ ಬಿಗಿಯುವುದು. ಅಂಗಳದಲ್ಲಿ ಚೆನ್ನಾಗಿ ಓಡುತ್ತದೆ, ಐದಾರು ಕಿ.ಮೀ. ಆಗುವಷ್ಟರಲ್ಲಿ ಗಾಲಿಗಳ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಕಾರಣ ಸರಳ. ಸೈಕಲ್ಲಿನ ಅಚ್ಚು ಎರಡೂ ತುದಿಯಲ್ಲಿ ಹಿಡಿತವಿರಲಿ ಎಂದು ಮಾಡಿದ್ದು. ದಪ್ಪ ಹತ್ತು ಮಿ.ಮೀ.ಗೂ ಕಡಿಮೆ, ಮೇಲಿಂದ ಕೆಳಗೆ ಪೂರಾ ತಿರುಪು ಕೊರೆದಿರುತ್ತದೆ. ಒಂದೇ ತುದಿಯಲ್ಲಿ ಹಿಡಿದರೆ ಬಾಗದೆ ಇನ್ನೇನು ಮಾಡೀತು.

ಬೇಕಾದ್ದು ಗಾಡಿಯ ಅಗಲಕ್ಕೂ ಹಾದುಹೋಗುವ ಒಂದೇ ಅಚ್ಚು. 12 ಮಿ.ಮೀ. ದಪ್ಪದ ಬ್ರೈಟ್ ಬಾರ್ (ನುಣುಪು ಮೈಯ ಉಕ್ಕಿನ ಸರಳು), ಉದ್ದ 670 ಮಿ.ಮೀ. 10 ಮಿ.ಮೀ.ದು ಸಾಕಲ್ಲವೇ ಎಂದು ಅಂಗಡಿಯವರು ಕೇಳುತ್ತಾರೆ. ಸಾಲದು. ಬಾಗುವಿಕೆಯನ್ನು ತಡೆಯುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ 10ಕ್ಕಿಂತ 12 ಮಿ.ಮೀ. ಸರಳು 1.7 ಪಟ್ಟು ಗಟ್ಟಿ. ಕೂಸು, ಗಾಡಿ, ಸಾಮಾನು ಸೇರಿ 28 ಕೆ.ಜಿ. ಎಂದು ಹಿಡಿದು, ಗುಂಡಿಗೆ ಬಿದ್ದಾಗಿನ ಏಟಿಗೆ ನಾಲ್ಕು ಪಟ್ಟು ಲೆಕ್ಕ ಹಾಕಿದರೆ 10 ಮಿ.ಮೀ. ಮೆದು ಉಕ್ಕು ಬಾಗುವ ಅಂಚಿಗೆ ಬಂದು ನಿಲ್ಲುತ್ತದೆ. 12 ಮಿ.ಮೀ.ದು ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿ ನಿರಾಳವಾಗಿರುತ್ತದೆ.

ಗಾಲಿಗಳು 12½ × 2¼ ಇಂಚಿನ ಗಾಳಿ ತುಂಬುವ ಟಯರಿನವು, ಕಡ್ಡಿಗಳಿಲ್ಲದ ಗಟ್ಟಿ ನೈಲಾನ್ ಚೌಕಟ್ಟಿನವು. ಹಿಂದಿನಿಂದ ತಳ್ಳುವ ವ್ಹೀಲ್‌ಚೇರಿನ ಬಿಡಿಭಾಗವಾಗಿ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಿ. ಗಟ್ಟಿ ರಬ್ಬರಿನದು ಕೊಟ್ಟರೆ ತೆಗೆದುಕೊಳ್ಳಬೇಡಿ. ಪಂಕ್ಚರ್ ಆಗುವುದಿಲ್ಲ ಎಂಬುದು ನಿಜ, ಆದರೆ ರಸ್ತೆಯ ಪ್ರತಿ ಹರಳನ್ನೂ ಅದು ಕೂಸಿನ ಬೆನ್ನಿಗೆ ಮುಟ್ಟಿಸುತ್ತದೆ. ಈ ಗಾತ್ರದ ಗಾಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಮೀಟರ್ ಸಾಗುತ್ತದೆ, ಐದು ಲಕ್ಷದ ಸುತ್ತು ಎರಡೂವರೆ ಲಕ್ಷಕ್ಕೆ ಇಳಿಯಿತು.

ಪ್ರತಿ ಗಾಲಿಗೆ ಎರಡು 6201 ಬೇರಿಂಗ್, ಎರಡೂ ಬದಿ ರಬ್ಬರ್ ಮುಚ್ಚಳ ಇರುವ 2ಆರ್‌ಎಸ್. ಒಳವ್ಯಾಸ 12, ಹೊರವ್ಯಾಸ 32, ದಪ್ಪ 10 ಮಿ.ಮೀ. ಹೊರೆಯ ಮಟ್ಟಿಗೆ ಇದು ಬೇಕಾದ್ದಕ್ಕಿಂತ ಬಹಳ ದೊಡ್ಡದು. ಇದನ್ನೇ ಹೇಳಲು ಕಾರಣ, ಸ್ಕೂಟರ್ ಬಿಡಿಭಾಗ ಮಾರುವ ಯಾವ ಊರಿನಲ್ಲೂ ಸಿಗುತ್ತದೆ. ಗಾಲಿಯ ನಡುತೂತು ಸಣ್ಣದಿದ್ದರೆ ಲೇತಿನಲ್ಲಿ 32ಕ್ಕೆ ಕೊರೆಸಬೇಕು. ದೊಡ್ಡದಿದ್ದರೆ ಅಲ್ಯೂಮಿನಿಯಂ ಬುಷ್ ಮಾಡಿಸಿ ಕೂರಿಸಬೇಕು. ಭೋಸರಿಯ ಕಡೆ ಲೇತ್ ಅಂಗಡಿಗಳಿಗೆ ಬರವಿಲ್ಲ, ಇದು ಒಂದು ಗಂಟೆಯ ಕೆಲಸ. ಸುತ್ತಿಗೆಯಿಂದ ಬೇಡ, ಪ್ರೆಸ್ ಮೇಲೆ ಕೂರಿಸಿ ಎಂದು ಲೇತಿನವರಿಗೆ ಮರಾಠಿಯಲ್ಲಿ ಒಂದು ಮಾತು ಹೇಳಿಡಿ: ಹಾತೋಡೀನೆ ನಕೋ, ಪ್ರೆಸ್‌ವರ ಬಸವಾ. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಒಳಗಿನ ಗುಂಡುಗಳ ಹಾದಿಯಲ್ಲಿ ಕಚ್ಚು ಬಿದ್ದು ಮೊದಲ ದಿನದಿಂದಲೇ ಗರಗರ ಎನ್ನುತ್ತದೆ.

ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ತುಂಡು ಬೇಕೇ ಬೇಕು. ಹೊರವ್ಯಾಸ 16, ಒಳವ್ಯಾಸ 12.2 ಮಿ.ಮೀ. ಉದ್ದ ಎರಡು ಬೇರಿಂಗ್‌ಗಳ ನಡುವಿನ ಅಂತರಕ್ಕಿಂತ 0.1 ಮಿ.ಮೀ. ಹೆಚ್ಚಿರಲಿ. ಈ ತುಂಡು ಇಲ್ಲದೆ ಜೋಡಿಸಿದಾಗ ಏನಾಗುತ್ತದೆ ಎಂದರೆ, ಹೊರಗಿನ ಒತ್ತು ಬೇರಿಂಗ್‌ನ ಒಳಬಳೆಯನ್ನು ಮಾತ್ರ ಒಳಕ್ಕೆ ದೂಡುತ್ತದೆ, ಗುಂಡುಗಳು ಒಂದು ಬದಿಗೆ ಒತ್ತಿ ಉರುಳುತ್ತವೆ, ಗಾಲಿ ಬಿಗಿಯುತ್ತದೆ. ಸಡಿಲಿಸಿದರೆ ಓಲಾಡುತ್ತದೆ. ಬಿಗಿಯೂ ಬೇಡ ಸಡಿಲೂ ಬೇಡ ಎಂದು ಒದ್ದಾಡುವುದು ಬಹುತೇಕ ಈ ಎರಡು ಇಂಚಿನ ಕೊಳವೆ ಬಿಟ್ಟದ್ದರಿಂದ.

ಅಚ್ಚಿನ ತುದಿಗೆ ತಿರುಪು ಕೊರೆಸಿ ನಟ್ ಹಾಕುವುದಕ್ಕಿಂತ ಚಕ್ಕಡಿಯ ಕಡಾಣಿಯೇ (ಗಾಲಿ ಕಳಚದಂತೆ ಅಚ್ಚಿನ ತುದಿಗೆ ತೂರಿಸುವ ಕೀಲು) ಮೇಲು. ತಿರುಪು ಕೊರೆದ ಜಾಗದಲ್ಲಿ 12 ಮಿ.ಮೀ. ಸರಳಿನ ಗಟ್ಟಿ ಭಾಗ ಸುಮಾರು 10ಕ್ಕೆ ಇಳಿಯುತ್ತದೆ, ಆ ತಿರುಪು ಬೇರಿಂಗ್‌ನ ಒಳಗೇ ಶುರುವಾದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬದಲಿಗೆ ತುದಿಯಿಂದ 8 ಮಿ.ಮೀ. ಒಳಗೆ 3 ಮಿ.ಮೀ. ತೂತು ಕೊರೆದು, ಎರಡು ವಾಷರ್ ಹಾಕಿ, ಸ್ಪ್ಲಿಟ್ ಪಿನ್ ತೂರಿಸಿ ಕಾಲು ಮಡಚಿ. ಗಾಲಿ ಬಿಚ್ಚಲು ಇಕ್ಕಳವೊಂದಿದ್ದರೆ ಸಾಕು. ಒಮ್ಮೆ ಮಡಚಿ ನೆಟ್ಟಗೆ ಮಾಡಿದ ಪಿನ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಒಂದು ಡಜನ್ ಜೊತೆಗಿರಲಿ.

ಅಚ್ಚನ್ನು ಗಾಡಿಗೆ ಹಿಡಿಸಲು ಹಿಂಗಾಲುಗಳ ತುದಿಗೆ 40 × 5 ಮಿ.ಮೀ. ಪಟ್ಟಿಯ ಎರಡು ತಟ್ಟೆ ಬೇಕು, ಬೆಸೆಯುವ ಮೊದಲೇ ಎರಡನ್ನೂ ಒಟ್ಟಿಗೆ ಹಿಡಿದು 12 ಮಿ.ಮೀ. ತೂತು ಕೊರೆಯಬೇಕು. ಬೇರೆ ಬೇರೆ ಕೊರೆದರೆ ಅಚ್ಚು ಓರೆಯಾಗುತ್ತದೆ. ಅಂದರೆ ತಟ್ಟೆಗಳಲ್ಲಿ ಮೊದಲು ಒಟ್ಟಿಗೆ ತೂತು, ಆಮೇಲೆ ಅಚ್ಚನ್ನು ತೂರಿಸಿ ಇಟ್ಟುಕೊಂಡೇ ಕಾಲಿಗೆ ಬೆಸುಗೆ. ಅಚ್ಚನ್ನು ಮಾತ್ರ ಬೆಸೆಯಬಾರದು. ಕಾವಿಗೆ ಅದು ಸೊಟ್ಟಗಾಗುತ್ತದೆ, ಬದಲಿಸಲೂ ಬರುವುದಿಲ್ಲ. ಎರಡು ಕಾಲರ್ (ಅಚ್ಚಿನ ಮೇಲೆ ಕೂರುವ ಬಳೆ), ಪ್ರತಿಯೊಂದಕ್ಕೆ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ತಿರುಪು), ಅಷ್ಟರಿಂದ ಅದು ಪಕ್ಕಕ್ಕೆ ಸರಿಯದೆ ನಿಲ್ಲುತ್ತದೆ. ಗಾಲಿಯಿಂದ ಗಾಲಿಗೆ ನಡುಅಂತರ 580 ಮಿ.ಮೀ. ಇದಕ್ಕಿಂತ ಕಿರಿದಾದರೆ ರಸ್ತೆಯಂಚು ಇಳಿಯುವಾಗ ಗಾಡಿ ಮಗುಚುವ ಭಯ, ಅಗಲವಾದರೆ ವಸತಿಯ ಬಾಗಿಲುಗಳಲ್ಲಿ ಹಾಯುವುದಿಲ್ಲ.

ವೆಲ್ಡಿಂಗ್ ಬಗ್ಗೆ ಇಷ್ಟು: ಸ್ಟ್ರಾಲರ್ ಪೈಪಿನ ಗೋಡೆ ಒಂದೂಕಾಲು ಮಿ.ಮೀ. ಇದ್ದರೆ ಹೆಚ್ಚು. ಗೇಟು ಕಿಟಕಿ ಬೆಸೆಯುವ ದಪ್ಪ ರಾಡಿನಿಂದ ಮುಟ್ಟಿದರೆ ತೂತಾಗುತ್ತದೆ. 2 ಮಿ.ಮೀ. ರಾಡು ಕೇಳಿ, ಇಲ್ಲವೇ ಸಿಒ2 ವೆಲ್ಡಿಂಗ್ ಇರುವ ಕಡೆ ಹೋಗಿ. ಬಣ್ಣ, ಹೊಳಪು ಲೇಪ ಎಲ್ಲವನ್ನೂ ಬೆಸೆಯುವ ಜಾಗದಿಂದ ಮೊದಲೇ ಕೆರೆದು ತೆಗೆದಿರಬೇಕು.

ಮುಂದಿನ ಗಾಲಿ, ಹಿಡಿಕೆ, ತಡೆ

ಮುಂದೆ ಒಂದೇ ಗಾಲಿ. ಇಲ್ಲಿ ಮಕ್ಕಳ ಸೈಕಲ್ಲಿನ 12 ಇಂಚಿನ ಗಾಲಿ, ಅದೇ ಸೈಕಲ್ಲಿನ ಕವಲು (ಫೋರ್ಕ್) ಎರಡೂ ಸರಿಯಾಗುತ್ತವೆ, ಏಕೆಂದರೆ ಕವಲು ಅಚ್ಚನ್ನು ಎರಡೂ ಕಡೆ ಹಿಡಿಯುತ್ತದೆ. 25 ಮಿ.ಮೀ. ಪೈಪಿನಿಂದ ಮುಂಗಾಲುಗಳನ್ನು ತ್ರಿಕೋನವಾಗಿ ಮುಂದಕ್ಕೆ ಚಾಚಿಸಿ, ಕವಲನ್ನು ಅದರ ಮೂಗಿಗೆ ನೇರವಾಗಿ ಬೆಸೆಯಬೇಕು. ಹಿಂದಿನ ಅಚ್ಚಿನಿಂದ ಮುಂದಿನ ಅಚ್ಚಿಗೆ 780 ಮಿ.ಮೀ. ಇದ್ದರೆ ಏರಿನಲ್ಲಿ ಮುಂಭಾಗ ಎದ್ದೇಳುವುದಿಲ್ಲ. ಗಾಲಿ ಎಡಬಲಕ್ಕೆ ತಿರುಗದಂತೆ ಸ್ಥಿರವಾಗಿಯೇ ಇರಲಿ. ಸುತ್ತಲೂ ತಿರುಗುವ ಚಿಕ್ಕ ಗಾಲಿ ನುಣುಪು ನೆಲದಲ್ಲಿ ಹಿತ, ಜಲ್ಲಿಯ ಮೇಲೆ ಅದು ನಡುಗತೊಡಗಿ ಇಡೀ ಗಾಡಿಯನ್ನು ಅಲುಗಿಸುತ್ತದೆ. ತಿರುವಿನಲ್ಲಿ ಹಿಡಿಕೆ ಒತ್ತಿ ಮುಂಗಾಲಿ ಎತ್ತಿ ತಿರುಗಿಸಿದರಾಯಿತು.

ಟಯರಿನ ಸುತ್ತ ಎಲ್ಲ ಕಡೆ 25 ಮಿ.ಮೀ. ಸಂದು ಬಿಡಿ. ಮಾಳಶಿರಸ, ವೇಳಾಪುರದ ಕಡೆ ಎರೆಮಣ್ಣು. ಒಂದು ಮಳೆ ಬಿದ್ದರೆ ಅದು ಗಾಲಿಗೆ ಪದರ ಪದರವಾಗಿ ಮೆತ್ತಿಕೊಂಡು ಕವಲಿನಲ್ಲಿ ಸಿಕ್ಕಿ ಗಾಲಿಯನ್ನೇ ನಿಲ್ಲಿಸುತ್ತದೆ. ಅಂದಕ್ಕೆಂದು ಮಡ್‌ಗಾರ್ಡ್ ಹಾಕಿದವರು ಅದನ್ನು ದಾರಿಯಲ್ಲಿ ಕಿತ್ತೆಸೆಯಬೇಕಾಗುತ್ತದೆ. ಕೆರೆಯಲು ಒಂದು ಬಿದಿರಿನ ಸೀಳು ಹಿಡಿಕೆಗೆ ಕಟ್ಟಿರಲಿ.

ಹಿಡಿಕೆಯ ಎತ್ತರ ತಳ್ಳುವವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ. ಇದಕ್ಕಿಂತ ಮುಖ್ಯವಾದದ್ದು ಹಿಡಿಕೆ ಹಿಂದಿನ ಅಚ್ಚಿಗಿಂತ ಎಷ್ಟು ಹಿಂದಿದೆ ಎಂಬುದು. ಅಡ್ಡಕ್ಕೆ ಹಾದ ಅಚ್ಚು ಇರುವುದರಿಂದ ದೊಡ್ಡ ಹೆಜ್ಜೆ ಹಾಕಿದಾಗ ಮೊಣಕಾಲ ಕೆಳಗಿನ ಎಲುಬು ಅದಕ್ಕೆ ತಾಗುತ್ತದೆ. ಹಿಡಿಕೆಯನ್ನು ಕನಿಷ್ಠ 200 ಮಿ.ಮೀ. ಹಿಂದಕ್ಕೆ ಚಾಚಿಸಿ. ಆಮೇಲೆ ಅದಕ್ಕೆ ಚೀಲ ತೂಗುಹಾಕುವ ಆಸೆಯಾಗುತ್ತದೆ, ಹಾಕಬಾರದು. ಕೂಸನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಸಾಮಾನೆಲ್ಲ ಆಸನದ ಕೆಳಗೆ, ಅಚ್ಚಿನ ಮುಂದೆ, 5 ಕೆ.ಜಿ. ಮೀರದಂತೆ.

ತಡೆಯ ವಿಚಾರಕ್ಕೆ ದಿವೇ ಘಾಟ್ ನೆನಪಿಡಿ. ಪುಣೆಯಿಂದ ಸಾಸ್ವಡಕ್ಕೆ ಹೋಗುವಾಗ ಅದು ಏರು. ಪಲ್ಲಕ್ಕಿಯ ರಥಕ್ಕೇ ಅಲ್ಲಿ ಹೆಚ್ಚುವರಿ ಎತ್ತುಗಳ ಜೋಡಿ ಕಟ್ಟುತ್ತಾರೆ. ನೂರಕ್ಕೆ ಆರರ ಏರಿನಲ್ಲಿ 28 ಕೆ.ಜಿ. ಗಾಡಿ ಸುಮಾರು ಒಂದೂಮುಕ್ಕಾಲು ಕೆ.ಜಿ. ಬಲದಲ್ಲಿ ಹಿಂದಕ್ಕೆ ಎಳೆಯುತ್ತಿರುತ್ತದೆ. ತಳ್ಳಲು ಅದು ಭಾರವಲ್ಲ, ಬಿಟ್ಟರೆ ಭಾರ: ಕೈ ತಪ್ಪಿದ ಗಾಡಿ ಹತ್ತು ಮೀಟರ್ ಉರುಳುವಷ್ಟರಲ್ಲಿ ಗಂಟೆಗೆ 10 ಕಿ.ಮೀ. ವೇಗಕ್ಕೆ ಬರುತ್ತದೆ. ಆದ್ದರಿಂದ ಮೊದಲ ತಡೆ ಬ್ರೇಕ್ ಅಲ್ಲ, ಮಣಿಕಟ್ಟಿನ ಪಟ್ಟಿ. 25 ಮಿ.ಮೀ. ಅಗಲದ ನೈಲಾನ್ ಪಟ್ಟಿ, 60 ಸೆಂ.ಮೀ. ಉದ್ದ, ಒಂದು ತುದಿ ಗಾಡಿಯ ಪೈಪಿಗೆ ಬೋಲ್ಟ್‌ನಿಂದ, ಇನ್ನೊಂದು ತುದಿಯ ಕುಣಿಕೆ ಮಣಿಕಟ್ಟಿಗೆ. ಗಾಡಿ ಚಲಿಸುವಷ್ಟು ಹೊತ್ತೂ ಅದು ಕೈಯಲ್ಲಿರಬೇಕು.

ಎರಡನೆಯದು ಮುಂಗಾಲಿಯ ರಿಮ್ ಹಿಡಿಯುವ ಸೈಕಲ್ ಬ್ರೇಕ್. ಕವಲಿನಲ್ಲಿ ಅದಕ್ಕೆ ತೂತು ಇರುತ್ತದೆ, ಕೈಹಿಡಿ ಹಿಡಿಕೆಗೆ ಬರುತ್ತದೆ. ಇಳಿಜಾರಿನಲ್ಲಿ ವೇಗ ತಗ್ಗಿಸಲು ಇದು ಸಾಕು, ಆದರೆ ಏರಿನಲ್ಲಿ ಮುಂಗಾಲಿಯ ಮೇಲೆ ಹೊರೆ ಕಡಿಮೆ, ಹಿಡಿದರೂ ಜಾರುತ್ತದೆ. ನಿಲ್ಲಿಸುವಾಗ ಹಿಂದಿನ ಎರಡೂ ಗಾಲಿಗೆ ಕಟ್ಟಿಗೆಯ ಅಡ್ಡಗಟ್ಟೆ ಕೊಡಬೇಕು. 15 ಸೆಂ.ಮೀ. ಉದ್ದ, 7 ಸೆಂ.ಮೀ. ಎತ್ತರದ ಓರೆ ತುಂಡು ಎರಡು, ಅಡಿಗೆ ಹಳೆ ಟಯರಿನ ತುಣುಕು ಮೊಳೆ ಹೊಡೆದು, ಹಗ್ಗದಿಂದ ಗಾಡಿಗೇ ಕಟ್ಟಿಡಿ. ರಸ್ತೆಬದಿಯ ಕಲ್ಲು ಹುಡುಕುತ್ತ ಬಗ್ಗುವ ಹೊತ್ತಿನಲ್ಲೇ ಗಾಡಿ ಉರುಳುವುದು.

ಆಸನ ಮತ್ತು ನೆರಳು

ಮೂಲ ಆಸನದ ಫೋಮ್ ಮತ್ತು ರೆಕ್ಸಿನ್ ಕೂಸಿನ ಬೆನ್ನನ್ನು ಬೇಯಿಸುತ್ತವೆ. ಎರಡನ್ನೂ ತೆಗೆದು ಮಂಚಕ್ಕೆ ಹೆಣೆಯುವ ನವಾರ ಪಟ್ಟಿ ಹೆಣೆಯಿರಿ. ಅಡ್ಡಕ್ಕೂ ಉದ್ದಕ್ಕೂ ಒಂದರೊಳಗೊಂದು, ಸಂದು ಬಿಡದೆ, ಬಿಗಿಯಾಗಿ. ಸುಮಾರು 12 ಮೀಟರ್ ಹಿಡಿಯುತ್ತದೆ. ಅದರ ಮೇಲೆ ತೆಳುವಾದ ಹತ್ತಿಯ ಕೌದಿ, ಎರಡು ಇದ್ದರೆ ಒಂದು ಒಗೆದು ಒಣಗಿಸಬಹುದು. ನವಾರ ಗಾಳಿಯಾಡುತ್ತದೆ, ಏಟನ್ನೂ ಸ್ವಲ್ಪ ನುಂಗುತ್ತದೆ, ಮೂತ್ರ ಬಿದ್ದರೆ ತೊಳೆಯಬಹುದು. ಮೊದಲ 50 ಕಿ.ಮೀ.ಯಲ್ಲಿ ಅದು ಜಗ್ಗುತ್ತದೆ. ಸಾಸ್ವಡದ ಮುಕ್ಕಾಮಿನಲ್ಲಿ ಪಲ್ಲಕ್ಕಿ ಎರಡು ರಾತ್ರಿ ತಂಗುತ್ತದೆ, ಆಗ ಬಿಚ್ಚಿ ಮತ್ತೆ ಬಿಗಿಯಲು ಸಮಯ ಸಿಗುತ್ತದೆ.

ಬೆಲ್ಟಿನ ಐದೂ ಪಟ್ಟಿಗಳು ಪೈಪಿಗೆ ಕಟ್ಟಿರಬೇಕು, ಬಟ್ಟೆಗಲ್ಲ, ನವಾರಕ್ಕೂ ಅಲ್ಲ. ಪ್ರತಿ ಪಟ್ಟಿಗೂ ಬಕೆಟ್ ಕಟ್ಟಿ 15 ಲೀಟರ್ ನೀರು ತುಂಬಿ ತೂಗಿ ನೋಡಿ, ಹೊಲಿಗೆ ಬಿಡಬಾರದು. ಹೆಗಲು ಮತ್ತು ಪಟ್ಟಿಯ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ. ಇನ್ನು ಕೂಸಿನ ಕೈಗೆ ಎಟಕುವ ಕಡೆ 5ರಿಂದ 12 ಮಿ.ಮೀ. ಸಂದು ಎಲ್ಲೂ ಉಳಿಯಬಾರದು. ಎಳೆ ಬೆರಳು ಹೊಕ್ಕು ಸಿಕ್ಕಿಕೊಳ್ಳುವ ಅಳತೆ ಅದು. ಹಿಂಗಾಲಿಯ ಒಳಬದಿಗೆ 3 ಮಿ.ಮೀ. ಪ್ಲಾಸ್ಟಿಕ್ ಹಾಳೆ ಮುಚ್ಚಿ. ಕಾಲು ಇಡುವ ಹಲಗೆಗೂ ಮುಂದಿನ ಗಾಲಿಯ ಕಡ್ಡಿಗೂ ನಡುವೆ ಒಂದು ಅಡ್ಡತಟ್ಟೆ ಬೇಕು, ನಿದ್ದೆಯಲ್ಲಿ ಇಳಿಬಿದ್ದ ಪಾದ ನೇರ ಅಲ್ಲಿಗೇ ಹೋಗುತ್ತದೆ.

ನೆರಳಿನ ವಿಚಾರದಲ್ಲಿ ಬಹಳ ಅಪಾಯದ ಅಭ್ಯಾಸವೊಂದು ರೂಢಿಯಲ್ಲಿದೆ: ಬಿಸಿಲು ಬಡಿಯುತ್ತದೆ ಎಂದು ಗಾಡಿಯ ಮುಂದೆ ಸೀರೆಯನ್ನೋ ಟವಲನ್ನೋ ಇಳಿಬಿಡುವುದು. ಗಾಳಿ ನಿಂತು ಒಳಗೆ ಒಲೆಯ ಮುಂದಿನ ಕಾವು ಕೂಡುತ್ತದೆ, ಹೊರಗಿನವರಿಗೆ ಕೂಸಿನ ಮುಖವೂ ಕಾಣುವುದಿಲ್ಲ. ಬಟ್ಟೆ ತೆಳುವಾಗಿದ್ದರೂ ಅಷ್ಟೇ. ಬೇಕಾದ್ದು ಎರಡು ಪದರದ ಚಪ್ಪರ. ಮೇಲೆ ಬಿಳಿ ಮಂಜರಪಾಟ ಬಟ್ಟೆ, ಕೆಳಗೆ ಇನ್ನೊಂದು ಪದರ, ನಡುವೆ ನಾಲ್ಕು ಸೆಂ.ಮೀ. ಖಾಲಿ. ಮೇಲಿನ ಪದರ ಬಿಸಿಲು ಹೀರುತ್ತದೆ, ನಡುವಿನ ಗಾಳಿ ಆ ಕಾವನ್ನು ಕೊಂಡೊಯ್ಯುತ್ತದೆ. ಇದಕ್ಕಾಗಿ ಚಪ್ಪರದ ಹಿಂತುದಿ ತೆರೆದಿರಬೇಕು. ಬಾಗಿಸಿದ 6 ಮಿ.ಮೀ. ಫೈಬರ್ ಕಡ್ಡಿ ಮೂರು, ಬಟ್ಟೆ ಎರಡೂವರೆ ಮೀಟರ್. ಮುಂಭಾಗ ಪೂರಾ ತೆರೆದಿರಲಿ. ಮಧ್ಯಾಹ್ನ ಬೆರಳನ್ನು ಕೂಸಿನ ಕುತ್ತಿಗೆಯ ಹಿಂದೆ ಇಟ್ಟು ನೋಡುತ್ತಿರಬೇಕು. ಬೆವರಿ ಬಿಸಿಯಾಗಿದ್ದರೆ ಹೊರಗೆ ತೆಗೆಯುವ ಸಮಯ.

ಆಷಾಢದ ಮಳೆಯೆಂದು ಮಳೆಹೊದಿಕೆಯ ಮೇಲೆ ಮಾತ್ರ ಗಮನ ಕೊಟ್ಟವರು ಜೇಜುರಿ ದಾಟಿದ ಮೇಲೆ ಕಷ್ಟಪಡುತ್ತಾರೆ. ಘಾಟ್ ಹತ್ತಿದ ನಂತರದ ಸೀಮೆ ಮಳೆಯ ನೆರಳಿನದು. ಫಲಟಣ, ನಾತೇಪುತೆಯ ಕಡೆ ಹಲವು ದಿನ ಬಿಸಿಲು ಮತ್ತು ದೂಳೇ. ಆದರೂ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಒಂದಿರಲಿ. ಎರಡೂ ಬದಿ ಕೆಳಗೆ 10 ಸೆಂ.ಮೀ. ತೆರೆದು, ಮುಖದಿಂದ 20 ಸೆಂ.ಮೀ. ದೂರ ನಿಲ್ಲುವಂತೆ ಹೊಲಿಸಿ. ಮಳೆ ನಿಂತ ಕೂಡಲೇ ತೆಗೆಯಬೇಕು. ಮೋಡ ಸರಿದು ಬಿಸಿಲು ಬಿದ್ದರೆ ಅದರ ಒಳಗೆ ಕೂಸು ಹತ್ತು ನಿಮಿಷವೂ ಇರಬಾರದು.

ಮರಳುಚೀಲದ ಓಟ

ಕೂಸನ್ನು ಕೂರಿಸುವ ಮೊದಲು 15 ಕೆ.ಜಿ. ಮರಳುಚೀಲ ಕಟ್ಟಿಕೊಂಡು ದಿಘಿ–ಆಳಂದಿ ರಸ್ತೆಯಂಥ ಕಡೆ 10 ಕಿ.ಮೀ. ಓಟ ಮೂರು ಸಲ. ಪ್ರತಿ ನಟ್ಟಿನ ಮೇಲೂ ಉಗುರುಬಣ್ಣದಿಂದ ಗೆರೆ ಎಳೆಯಿರಿ, ಸಡಿಲಾದರೆ ಗೆರೆ ಮುರಿದು ತೋರಿಸುತ್ತದೆ.

ಮೊದಲ ಓಟ. ಗಾಡಿ ಎಡಕ್ಕೆ ಎಳೆಯಿತು. ಅರ್ಧ ತಪ್ಪು ರಸ್ತೆಯದು: ನೀರು ಹರಿಯಲೆಂದು ರಸ್ತೆಯನ್ನು ಅಂಚಿನ ಕಡೆ ಇಳಿಜಾರು ಮಾಡಿರುತ್ತಾರೆ, ಎಡಬದಿಯಲ್ಲಿ ನಡೆದರೆ ಗಾಡಿ ಎಡಕ್ಕೇ ಹೋಗುತ್ತದೆ. ಉಳಿದರ್ಧ ಮುಂಗಾಲಿಯದು. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಗಾಡಿ ತಳ್ಳಿ ಬಿಟ್ಟು 5 ಮೀಟರಿನಲ್ಲಿ ಎಷ್ಟು ಸರಿಯುತ್ತದೆ ನೋಡಬೇಕು. ಇಲ್ಲಿ ಸರಿದದ್ದು 60 ಸೆಂ.ಮೀ. ಕವಲಿನ ಸೀಳಿನಲ್ಲಿ ಮುಂಗಾಲಿಯ ಬಲತುದಿಯನ್ನು ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿದರೆ ಗಾಲಿಯ ಮೂಗು ಬಲಕ್ಕೆ ತಿರುಗುತ್ತದೆ. ಸಮನೆಲದಲ್ಲಿ 15 ಸೆಂ.ಮೀ. ಬಲಕ್ಕೆ ಸರಿಯುವಂತೆ ಇಟ್ಟದ್ದು ರಸ್ತೆಯ ಓರೆಯ ಮೇಲೆ ನೇರವಾಗಿ ಓಡಿತು. ಇದನ್ನು ಉದಾಸೀನ ಮಾಡಿದರೆ ಮೂರನೆಯ ದಿನಕ್ಕೆ ತಳ್ಳುವವರ ಒಂದೇ ಹೆಗಲು ಹಿಡಿದುಕೊಳ್ಳುತ್ತದೆ.

ಎರಡನೆಯ ಓಟ. ಗಾಡಿ ಕುಣಿಯುತ್ತಿತ್ತು, ಮರಳುಚೀಲ ಜಾರಿತು. ಟಯರಿನಲ್ಲಿ ಗಾಳಿ ಹೆಚ್ಚಾಗಿತ್ತು. ಟಯರಿನ ಮೇಲೆ ಅಚ್ಚಾಗಿರುವ 35 ಪಿಎಸ್‌ಐ ಗರಿಷ್ಠ ಮಿತಿ, ಅಷ್ಟೇ ತುಂಬಬೇಕೆಂದಲ್ಲ. ಇಷ್ಟು ಹಗುರ ಹೊರೆಗೆ ಹಿಂದೆ 18, ಮುಂದೆ 15 ಪಿಎಸ್‌ಐ ಸಾಕು. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಹೋಗಬೇಕು. ಪೆಟ್ರೋಲ್ ಬಂಕಿನ ಗಾಳಿ ಇಷ್ಟು ಸಣ್ಣ ಟ್ಯೂಬಿಗೆ ಬಲು ಜೋರು, ಕೈಪಂಪೇ ಇರಲಿ.

ಮೂರನೆಯ ಓಟದಲ್ಲಿ ಗೆರೆ ಮುರಿದ ನಟ್ಟುಗಳು ಎರಡು, ಎರಡೂ ಹಿಡಿಕೆಯವು. ಅವಕ್ಕೆ ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಹಾಕಿದ್ದಾಯಿತು. ಗಾಲಿಗಳ ನಡುಭಾಗ ಮುಟ್ಟಿದರೆ ತಣ್ಣಗಿತ್ತು, ಬೇರಿಂಗ್ ಸರಿ ಕೂತಿದೆ ಎಂಬುದಕ್ಕೆ ಅದಕ್ಕಿಂತ ಗುರುತು ಬೇಡ.

ಕೊನೆಗೆ ಮಗುಚುವ ಪರೀಕ್ಷೆ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 21 ಸೆಂ.ಮೀ. ಎತ್ತರಿಸಿದರೆ 12 ಡಿಗ್ರಿ ಓರೆ. ಚೀಲ ಕಟ್ಟಿದ ಗಾಡಿಯನ್ನು ಅದರ ಮೇಲೆ ಮುಂದಕ್ಕೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ ನಿಲ್ಲಿಸಿ. ಯಾವ ಗಾಲಿಯೂ ಎದ್ದೇಳಬಾರದು.

ದಾರಿಯಲ್ಲಿ

ಆಳಂದಿಯ ದಾರಿ ಈಗ ರಾಷ್ಟ್ರೀಯ ಹೆದ್ದಾರಿ 965, ದೇಹೂವಿನಿಂದ ತುಕಾರಾಮ ಮಹಾರಾಜರ ಪಲ್ಲಕ್ಕಿ ಹೋಗುವುದು 965ಜಿ. 2021ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದ ಚತುಷ್ಪಥ ಯೋಜನೆಯಲ್ಲಿ ಪಕ್ಕದಲ್ಲಿ ನಡೆಯುವವರಿಗೇ ಪ್ರತ್ಯೇಕ ಹಾದಿ ಸೇರಿದೆ. ಅದು ಸಿದ್ಧವಿರುವ ಕಡೆ ಗಾಡಿಗೆ ಅದೇ ಜಾಗ.

ದಿಂಡಿಗಳ, ಅಂದರೆ ಭಜನೆ ಮಾಡುತ್ತ ಸಾಲಾಗಿ ನಡೆಯುವ ತಂಡಗಳ, ನಡುವೆ ಗಾಡಿ ಒಯ್ಯಬಾರದು. ದಿಂಡಿಗೆ ತನ್ನ ಸಾಲು, ತನ್ನ ಕ್ರಮ ಇದೆ. ಟಾಳ ಹಿಡಿದು ಕಣ್ಣು ಮುಚ್ಚಿ ಹೆಜ್ಜೆ ಹಾಕುವ ವಾರಕರಿಗೆ ಸೊಂಟದ ಕೆಳಗಿನ ಗಾಡಿ ಕಾಣುವುದಿಲ್ಲ, ಎಡವಿದರೆ ಬೀಳುವುದು ಕೂಸಿನ ಮೇಲೆ. ಪಲ್ಲಕ್ಕಿಗಿಂತ ಎರಡು ಮೂರು ಗಂಟೆ ಮುಂದೆ ನಡೆಯುವುದು ಒಳ್ಳೆಯದು: ಬೆಳಗಿನ ತಂಪು ಸಿಗುತ್ತದೆ, ಮುಕ್ಕಾಮಿನಲ್ಲಿ ನೆರಳೂ ನೀರೂ ಸಿಗುತ್ತದೆ, ದಣಿವಾದರೆ ನಿಂತಲ್ಲೇ ಪಲ್ಲಕ್ಕಿ ಬಂದು ದರ್ಶನವಾಗುತ್ತದೆ. ಗಾಡಿಗೆ ಒಂದೂವರೆ ಮೀಟರ್ ಬಿದಿರುಕೋಲಿನ ಭಗವಾ ಪತಾಕೆ, ಹಿಂದೆ ಕೆಂಪು ಮಿಣುಕುದೀಪ, ಪೈಪಿಗೆಲ್ಲ ಪ್ರತಿಫಲಿಸುವ ಟೇಪು.

ಪುಣೆಯಿಂದ ಸಾಸ್ವಡದ ದಿನ ಸುಮಾರು 30 ಕಿ.ಮೀ., ಘಾಟ್ ಸೇರಿ. ಗಾಡಿಗೆ ಅದು ಒಂದು ದಿನದ ನಡಿಗೆಯಲ್ಲ. ಹಿಂದಿನ ದಿನವೇ ಹಡಪಸರದವರೆಗೆ ನಡೆದು, ಘಾಟನ್ನು ಮರುದಿನ ನಸುಕಿನಲ್ಲಿ ಬೇರೆಯಾಗಿ ಹತ್ತುವುದು, ಇಲ್ಲವೇ ಕೂಸನ್ನು ವಾಹನದಲ್ಲಿ ಕಳಿಸಿ ಖಾಲಿ ಗಾಡಿ ತಳ್ಳುವುದು ಲೇಸು. ಜೇಜುರಿಯಿಂದ ಮುಂದಿನ ಹಂತಗಳು ಗಾಡಿಗೆ ಒಗ್ಗುತ್ತವೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನು ಇಳಿಸಿ ಕಾಲಾಡಲು ಬಿಡಿ. ದಿನಕ್ಕೆ 15 ಕಿ.ಮೀ. ಮೀರಿದ ಮೇಲೆ ದೊಡ್ಡವರಿಗಿಂತ ಮೊದಲು ಕೂಸಿಗೇ ಸಾಕಾಗುತ್ತದೆ.

ಪಂಕ್ಚರ್ ಆಗುವುದು ರಸ್ತೆಬದಿಯ ಜಾಲಿಮುಳ್ಳಿನಿಂದ. ಟಯರಿನ ಒಳಗೆ ಹಳೆ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿಯಾಗಿ ಹಾಸಿದರೆ ಬಹಳಷ್ಟು ತಪ್ಪುತ್ತದೆ. ಊರೂರಲ್ಲಿ ಪಂಕ್ಚರ್ ಅಂಗಡಿ ಇದೆ, ಆದರೆ ಈ ಅಳತೆಯ ಟ್ಯೂಬ್ ಸಿಗುವ ಭರವಸೆಯಿಲ್ಲ, ಎರಡು ಜೊತೆಗಿರಲಿ. ಕೊಳ್ಳುವಾಗ ಬಾಗಿದ ವಾಲ್ವ್ ಇರುವುದನ್ನೇ ಕೊಳ್ಳಿ. ನೇರ ವಾಲ್ವ್ ಇದ್ದರೆ ಇಷ್ಟು ಚಿಕ್ಕ ರಿಮ್ಮಿನೊಳಗೆ ಪಂಪಿನ ಮೂತಿ ಹೊಗುವುದಿಲ್ಲ. ಇದರ ಜೊತೆ ಇಕ್ಕಳ, 10 ಮತ್ತು 13ರ ಪಾನಾ, ಒಂದು ಹೆಚ್ಚುವರಿ 6201, ಗಟ್ಟಿ ತಂತಿ ಎರಡು ಮೀಟರ್. ಒಟ್ಟು ಒಂದು ಕೆ.ಜಿ.

ರಿಂಗಣಕ್ಕೆ, ಅಂದರೆ ವಾರಕರಿಗಳ ನಡುವೆ ಕುದುರೆ ಓಡಿಸುವ ಆಚರಣೆಗೆ, ಗಾಡಿ ಬೇಡ. ಅಲ್ಲಿ ಓಡುವ ಕುದುರೆಗಳು ನಮ್ಮ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಆಳಂದಿಗೆ ನಡೆದು ಬಂದವು, ಕೂಸಿಗೆ ತೋರಿಸಲೇಬೇಕು. ಆದರೆ ಗಾಡಿಯನ್ನು ದೂರ ಬಿಟ್ಟು, ಹೆಗಲ ಮೇಲೆ ಕೂರಿಸಿಕೊಂಡು, ಗುಂಪಿನ ಹೊರ ಅಂಚಿನಿಂದ. ಕುದುರೆ ಓಡಿದ ಮೇಲೆ ಅದರ ಗೊರಸಿನಡಿಯ ಮಣ್ಣಿಗಾಗಿ ಜನ ಒಮ್ಮೆಗೇ ನುಗ್ಗುತ್ತಾರೆ. ಹಾಗೆಯೇ ವಾಖರಿಯಿಂದ ಮುಂದೆ ಎಲ್ಲ ಪಲ್ಲಕ್ಕಿಗಳೂ ಕೂಡುತ್ತವೆ, ಗಾಡಿಯ ಓಟ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ. ಚಂದ್ರಭಾಗೆಯ ಮರಳಿನಲ್ಲಿ ಈ ಟಯರುಗಳು ಹೂತು ಹೋಗುತ್ತವೆ, ದರ್ಶನದ ಸಾಲಿನಲ್ಲಿ ಗಾಡಿಗೆ ಎಡೆಯಿಲ್ಲ. ಕೊನೆಯ ಐದಾರು ಕಿ.ಮೀ. ಕೂಸು ಬೆನ್ನಿಗೆ ಕಟ್ಟಿದ ಸೀರೆಯಲ್ಲಿ, ಇಬ್ಬರು ಸರದಿಯಂತೆ. ಕೈಗೆ ಮೊಬೈಲ್ ಸಂಖ್ಯೆ ಬರೆದ ಪಟ್ಟಿ.

ಮರಳಿದ ಮೇಲೆ ಗಾಲಿಗಳನ್ನು ಬಿಚ್ಚಿ, ಪೈಪಿನೊಳಗೆ ಸೇರಿದ ನೀರು ಬಸಿಯುವಂತೆ ಗಾಡಿಯನ್ನು ತಲೆಕೆಳಗೆ ಒಂದು ದಿನ ನಿಲ್ಲಿಸಿ. ಅಚ್ಚನ್ನು ಸಮಗಾಜಿನ ಮೇಲೆ ಉರುಳಿಸಿ ನೋಡಿ, ನಡುವೆ ಬೆಳಕು ಕಂಡರೆ ಅದು ಬಾಗಿದೆ, ಹೊಸದು ಕತ್ತರಿಸಿ. ಬೇರಿಂಗ್‌ಗಳನ್ನು ಕಿವಿಯ ಬಳಿ ತಿರುಗಿಸಿ, ಗರಗರ ಎಂದವನ್ನು ಎಸೆಯಿರಿ. ಸ್ಪ್ಲಿಟ್ ಪಿನ್ ಎಲ್ಲವನ್ನೂ ಎಸೆಯಿರಿ. ನವಾರ ಬಿಚ್ಚಿ ಸೋಪುನೀರಿನಲ್ಲಿ ನೆನೆಸಿ ಒಣಗಿಸಿಡಿ, ಮುಂದಿನ ವರ್ಷ ಅದೇ ನಡೆಯುತ್ತದೆ. ಬೆಲ್ಟಿನ ಪಟ್ಟಿಗಳ ಹೊಲಿಗೆಯನ್ನು ಮಾತ್ರ ಹೊಸದಾಗಿ ಹಾಕಿಸಿ.